ಹಳೇ ಪಿಸಿ, ಹಳೇ ಗೇಮ್, ಹೊಸ ಮಾಡ್: ರಸ್ತೆ ಯಾಕೆ ಮಾಯವಾಗುತ್ತದೆ?

ಪ್ರಶ್ನೆ: "ಸರ್, ಹಾಸನದಲ್ಲಿ ನಮ್ಮ ಸೋದರಮಾವ ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದರು. ಅದನ್ನು ಮುಚ್ಚಿದ ಮೇಲೆ ಒಂದು ಪಿಸಿ ನಮ್ಮ ಮನೆಗೆ ಬಂತು. ಪೆಂಟಿಯಂ ಡ್ಯುಯಲ್ ಕೋರ್ ಇ5300, ಜಿ31 ಮದರ್‌ಬೋರ್ಡ್, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರಲ್ಲಿ ಮೊದಲೇ ಇದ್ದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಚೆನ್ನಾಗಿ ಓಡುತ್ತಿತ್ತು, ರೇಡಿಯೋದಲ್ಲಿ ಹಾಡು ಮಾತ್ರ ಬರುವುದಿಲ್ಲ. ಯೂಟ್ಯೂಬ್ ನೋಡಿಕೊಂಡು ಎಚ್‌ಡಿ ಕಾರುಗಳ ಪ್ಯಾಕ್, ಬುಲೆಟ್ ಬೈಕ್, ಇಎನ್‌ಬಿ ಗ್ರಾಫಿಕ್ಸ್ ಎಲ್ಲ ಹಾಕಿದೆ. ಲೋಡ್ ಆಗುತ್ತಿರುವಾಗಲೇ ಗೇಮ್ ಮುಚ್ಚಿಕೊಳ್ಳತೊಡಗಿತು. ಇಎನ್‌ಬಿ ತೆಗೆದರೆ ಓಪನ್ ಆಗುತ್ತದೆ, ಆದರೆ ಸ್ವಲ್ಪ ಹೊತ್ತು ಗಾಡಿ ಓಡಿಸಿದರೆ ರಸ್ತೆ, ಬಿಲ್ಡಿಂಗ್ ಎಲ್ಲ ಮಾಯ. ಸ್ಪೀಡ್ ಬರಲಿ ಅಂತ ಫ್ರೇಮ್ ಲಿಮಿಟರ್ ಆಫ್ ಮಾಡಿದೆ, ಈಗ ಗೇಮಿನ ನಾಯಕ ಸಿಜೆ ನೀರಿನಲ್ಲಿ ಮುಂದಕ್ಕೇ ಹೋಗುವುದಿಲ್ಲ. ಇತ್ತೀಚೆಗೆ ಪಿಸಿ ತಾನಾಗಿಯೇ ರೀಸ್ಟಾರ್ಟ್ ಬೇರೆ ಆಗುತ್ತಿದೆ. ಮಾಡ್ ಹಾಕಿ ಪಿಸಿ ಕೆಡಿಸಿಬಿಟ್ಟೆನಾ? ಒಬ್ಬ ಗೆಳೆಯ ವಿಂಡೋಸ್ 10 ಹಾಕು ಅನ್ನುತ್ತಾನೆ, ಇನ್ನೊಬ್ಬ ಸ್ವಿಫ್ಟ್‌ಶೇಡರ್ ಹಾಕು ಅನ್ನುತ್ತಾನೆ, ಅಂಗಡಿಯವರು ಗುಜರಿಗೆ ಕೊಡಿ ಅನ್ನುತ್ತಾರೆ. ಅಣ್ಣನ ಮಗನಿಗೆ ಒಂಬತ್ತು ವರ್ಷ, ಅವನಿಗೂ ಇದರಲ್ಲಿ ಆಡುವ ಆಸೆ. ದುಡ್ಡು ಜಾಸ್ತಿ ಸುರಿಯಲು ಆಗುವುದಿಲ್ಲ. ಏನು ಮಾಡಲಿ?"

ಉತ್ತರ: ಮೊದಲು ಭಯ ಬಿಡಿ. ಮಾಡ್ ಅಂದರೆ ಗೇಮನ್ನು ಬದಲಾಯಿಸಲು ಅಭಿಮಾನಿಗಳು ಮಾಡಿದ ಫೈಲ್‌ಗಳು, ಅದನ್ನು ಹಾಕಿದ್ದಕ್ಕೆ ಮದರ್‌ಬೋರ್ಡ್ ಕೆಡುವುದಿಲ್ಲ. ಗೇಮಿನ ಫೋಲ್ಡರಿನಲ್ಲಿ ಒಂದಷ್ಟು ಫೈಲ್ ಬದಲಾಗುತ್ತವೆ, ಅಷ್ಟೇ. ತಪ್ಪಾದರೆ ಗೇಮ್ ಮುಚ್ಚಿಕೊಳ್ಳುತ್ತದೆ, ಫೋಲ್ಡರ್ ಅಳಿಸಿ ಮತ್ತೆ ಹಾಕಿದರೆ ಮುಗಿಯಿತು. ಮಾಡ್ ಜೊತೆಗೆ ವೈರಸ್ ಬರುವುದು ಬೇರೆ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಮಾತು. ನಿಮ್ಮ ಪಿಸಿ ಈ ಗೇಮಿಗೆ ಹಳೆಯದೇ ಅಲ್ಲ. ಸ್ಯಾನ್ ಆಂಡ್ರಿಯಾಸ್ ಪಿಸಿಗೆ ಬಂದದ್ದು 2005ರ ಜೂನ್‌ನಲ್ಲಿ. ಅದು ಕೇಳಿದ್ದು 1 ಗಿಗಾಹರ್ಟ್ಸ್ ಪೆಂಟಿಯಂ 3, 256 ಎಂಬಿ ರ‍್ಯಾಮ್, 64 ಎಂಬಿ ಗ್ರಾಫಿಕ್ಸ್ ಕಾರ್ಡ್. ನಿಮ್ಮ ಇ5300 ಬಂದದ್ದು 2008ರ ಕೊನೆಗೆ, ಅದರಲ್ಲಿ 2.6 ಗಿಗಾಹರ್ಟ್ಸ್‌ನ ಎರಡು ಕೋರ್ ಇವೆ. ಅಂದರೆ ಪಿಸಿ ಗೇಮಿಗಿಂತ ಮೂರು ವರ್ಷ ಚಿಕ್ಕದು. ಹೊಂದಿಕೆಯಾಗದೆ ಇರುವುದು ನೀವು ಹಾಕಿದ ಮಾಡ್‌ಗಳು. ಅವನ್ನು ಮಾಡಿದವರ ಮನೆಯಲ್ಲಿ ಇದ್ದದ್ದು ಅದಕ್ಕಿಂತ ಎಷ್ಟೋ ಹೊಸ ಗ್ರಾಫಿಕ್ಸ್ ಕಾರ್ಡ್. ಹಾಗಾಗಿ "ನನ್ನ ಪಿಸಿಗೆ ಏನು ಸೇರಿಸಲಿ" ಅನ್ನುವುದಕ್ಕಿಂತ "ಗೇಮಿನಿಂದ ಏನು ತೆಗೆಯಲಿ" ಅಂತ ಮೊದಲು ಕೇಳಿಕೊಳ್ಳಿ.

ರೀಸ್ಟಾರ್ಟ್ ತೊಂದರೆಯನ್ನು ಮಾತ್ರ ಇವತ್ತೇ ನೋಡಬೇಕು. ಅದಕ್ಕೂ ಮಾಡ್‌ಗೂ ನೇರ ಸಂಬಂಧವಿಲ್ಲ. ಗೇಮ್ ಆಡುವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ, ಬಿಸಿಯಾಗುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ. ಬ್ರೌಸಿಂಗ್ ಸೆಂಟರಿನಲ್ಲಿ ವರ್ಷಗಟ್ಟಲೆ ದಿನವಿಡೀ ಓಡಿದ ಪಿಸಿಯ ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟು ಹಂಚುವ ಡಬ್ಬ, ಆ ಹೊತ್ತಿಗೆ ಕೈಕೊಡುತ್ತದೆ. ನನ್ನ ಬಳಿ ರಿಪೇರಿಗೆ ಬರುವ ಆ ಕಾಲದ ಪಿಸಿಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು: ಪ್ರೊಸೆಸರ್ ಮೇಲೆ ಒಣಗಿ ಪುಡಿಯಾದ ಪೇಸ್ಟ್, ಧೂಳು ಕಟ್ಟಿ ನಿಧಾನವಾದ ಫ್ಯಾನ್, ತಲೆ ಉಬ್ಬಿದ ಕೆಪಾಸಿಟರ್. ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು ಪ್ರೊಸೆಸರ್ ಸುತ್ತ ಟಾರ್ಚ್ ಹಾಕಿ ನೋಡಿ. ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಸೋರಿದ್ದರೆ ಬೋರ್ಡ್ ರಿಪೇರಿ ಮಾಡುವವರಿಂದ ಬದಲಾಯಿಸಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ. ಅದು ಕೆಟ್ಟಿದ್ದರೆ ಹೊಸದು ಹಾಕುವುದೇ ಸರಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ವಿದ್ಯೆ ನಮ್ಮ ಕಡೆ ಎಲ್ಲರಿಗೂ ಗೊತ್ತಲ್ವಾ, ಅದು ಮೂಢನಂಬಿಕೆಯಲ್ಲ. ಅಂಚಿಗೆ ಕಟ್ಟಿದ ಪೊರೆ ಹೋಗಿ ಸಂಪರ್ಕ ಸರಿಯಾಗುತ್ತದೆ. ರಬ್ಬರ್ ಪುಡಿಯನ್ನು ಬ್ರಷ್‌ನಿಂದ ತೆಗೆದು ಆಮೇಲೆ ಹಾಕಿ.

ಈಗ ರಸ್ತೆ ಮಾಯವಾಗುವ ವಿಷಯ. ಇದು ಅರ್ಥವಾದರೆ ಉಳಿದದ್ದು ಅರ್ಧ ಅರ್ಥವಾದಂತೆ.

ಸ್ಯಾನ್ ಆಂಡ್ರಿಯಾಸ್ ಮೊದಲು ಬಂದದ್ದು ಪ್ಲೇಸ್ಟೇಷನ್ 2ಕ್ಕೆ. ಆ ಯಂತ್ರದಲ್ಲಿದ್ದ ಮುಖ್ಯ ಮೆಮೊರಿ ಬರೀ 32 ಎಂಬಿ. ಮೂರು ನಗರ, ಹಳ್ಳಿ, ಮರುಭೂಮಿ ಎಲ್ಲ ಒಟ್ಟಿಗೆ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ನೀವು ಇರುವ ಜಾಗದ ಸುತ್ತಲಿನ ರಸ್ತೆ, ಮನೆ, ಗಾಡಿ ಮಾತ್ರ ಡಿಸ್ಕ್‌ನಿಂದ ಬರುತ್ತವೆ, ನೀವು ಮುಂದೆ ಹೋದಂತೆ ಹಿಂದಿನದು ಹೋಗುತ್ತದೆ. ಇದಕ್ಕೆ ಸ್ಟ್ರೀಮಿಂಗ್ ಅನ್ನುತ್ತಾರೆ. ಪಿಸಿಗೆ ತಂದಾಗ ಇದಕ್ಕೆ ಮೀಸಲಿಟ್ಟ ಜಾಗ 50 ಎಂಬಿ. ನಿಮ್ಮ ಪಿಸಿಯಲ್ಲಿ 1 ಜಿಬಿ ಇರಲಿ, 4 ಜಿಬಿ ಇರಲಿ, ಗೇಮ್ ಬಳಸುವುದು ಆ 50 ಎಂಬಿಯನ್ನೇ. ದರ್ಶಿನಿಯಲ್ಲಿ ನಿಂತು ತಿನ್ನುವ ಟೇಬಲ್ ಇದ್ದ ಹಾಗೆ, ಮೊದಲು ಬಂದವರು ತಟ್ಟೆ ಎತ್ತಿದರೆ ಮಾತ್ರ ಇನ್ನೊಬ್ಬರಿಗೆ ಜಾಗ.

ಲೆಕ್ಕ ನೋಡಿ. ಗೇಮಿನ ಮೂಲ ಕಾರಿನ ಮೇಲ್ಮೈ ಚಿತ್ರ, ಅಂದರೆ ಟೆಕ್ಸ್‌ಚರ್, ಸಾಮಾನ್ಯವಾಗಿ 256 ಗುಣಿಸು 256 ಚುಕ್ಕೆ ಅಥವಾ ಅದಕ್ಕಿಂತ ಚಿಕ್ಕದು. ಡಿಎಕ್ಸ್‌ಟಿ1 ಎಂಬ ವಿಧಾನದಲ್ಲಿ ಅದುಮಿದರೆ ಅದು 32 ಕೆಬಿ. ಎಚ್‌ಡಿ ಮಾಡ್ ಮಾಡುವವರು 2048 ಗುಣಿಸು 2048 ಹಾಕುತ್ತಾರೆ. ಅದೇ ರೀತಿ ಅದುಮಿದರೆ 2 ಎಂಬಿ, ಅಂದರೆ 64 ಪಟ್ಟು. ಎಷ್ಟೋ ಜನ ಅದುಮುವುದೂ ಇಲ್ಲ, ಹಾಗೇ ಬಿಡುತ್ತಾರೆ. ಆಗ ಒಂದೊಂದು ಚಿತ್ರ 16 ಎಂಬಿ. ಅಂಥ ಮೂರು ಚಿತ್ರ ಬಂದರೆ 50 ಎಂಬಿ ಹತ್ತಿರ ಹತ್ತಿರ ಮುಗಿಯಿತು. ಒಂದೇ ಒಂದು ಬುಲೆಟ್ ಬೈಕ್ ಪೂರ್ತಿ ಜಾಗ ತಿಂದುಬಿಡಬಹುದು! ಆಗ ಗೇಮ್ ರಸ್ತೆಯನ್ನು ತರಲು ಹೋಗುತ್ತದೆ, ಜಾಗ ಸಿಗುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ನಿಮ್ಮ ಕಾರು ಕಾಣದ ರಸ್ತೆಯ ಮೇಲೆ ಓಡುತ್ತದೆ.

ಚಿತ್ರ ಮಾತ್ರವಲ್ಲ, ಆಕಾರವೂ ಭಾರ. ಆಕಾರ ಕಟ್ಟುವ ಸಣ್ಣ ತ್ರಿಕೋನಗಳು ಮೂಲ ಕಾರಿನಲ್ಲಿ ಕೆಲವು ಸಾವಿರ. ಎಚ್‌ಡಿ ಕಾರಿನಲ್ಲಿ ಹತ್ತಾರು ಸಾವಿರ. ನಿಮ್ಮ ಜಿ31 ಬೋರ್ಡಿನಲ್ಲಿರುವ ಜಿಎಂಎ 3100 ಗ್ರಾಫಿಕ್ಸ್ ಈ ತ್ರಿಕೋನಗಳ ಲೆಕ್ಕವನ್ನು ತಾನು ಮಾಡುವುದಿಲ್ಲ, ಪ್ರೊಸೆಸರಿಗೆ ಹೊರಿಸುತ್ತದೆ. ಗೇಮಿನ ಪೊಲೀಸರು, ಟ್ರಾಫಿಕ್ಕು, ಗಾಡಿಗಳ ಚಲನೆ ಎಲ್ಲ ನೋಡಿಕೊಳ್ಳುವುದೂ ಅದೇ ಪ್ರೊಸೆಸರ್. ಎಚ್‌ಡಿ ಗಾಡಿ ಎದುರು ಬಂದಾಗಲೆಲ್ಲ ಗೇಮ್ ತಡವರಿಸುವುದು ಇದಕ್ಕೇ.

ಇಎನ್‌ಬಿ ಹಾಕಿದಾಗ ಗೇಮ್ ಮುಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅದು ಗೇಮಿಗೂ, ಚಿತ್ರ ಬಿಡಿಸಿಕೊಡುವ ವಿಂಡೋಸ್ ಭಾಗವಾದ ಡೈರೆಕ್ಟ್‌ಎಕ್ಸ್‌ಗೂ ನಡುವೆ ಕೂತು ಪ್ರತಿ ಚಿತ್ರಕ್ಕೂ ನೆರಳು, ಹೊಳಪು, ಪ್ರತಿಬಿಂಬ ಸೇರಿಸುತ್ತದೆ. ಅದಕ್ಕೆ ಗಟ್ಟಿ ಶೇಡರ್ (ಬೆಳಕು, ಬಣ್ಣದ ಲೆಕ್ಕ ಮಾಡುವ ಭಾಗ) ಇರುವ ಕಾರ್ಡ್ ಬೇಕೇ ಬೇಕು. ನಿಮ್ಮ ಈಗಿನ ಪಿಸಿಯಲ್ಲಿ ಇಎನ್‌ಬಿ ಆಸೆ ಬಿಡಿ. ಅದನ್ನು ಹಾಕಿಕೊಂಡವರಲ್ಲೂ ಎಷ್ಟೋ ಜನ ಫೋಟೋ ತೆಗೆದು, ಆಮೇಲೆ ಆಡಲು ಅದನ್ನು ತೆಗೆದುಬಿಡುತ್ತಾರೆ.

ಫ್ರೇಮ್ ಲಿಮಿಟರ್ ಕತೆ ಸಣ್ಣದು. ಈ ಗೇಮಿನ ಕೆಲವು ಚಲನೆಗಳ ಲೆಕ್ಕವನ್ನು ಫ್ರೇಮಿಗೆ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಕ್ಕೆ, ಕಟ್ಟಿಹಾಕಿದ್ದಾರೆ. ಲಿಮಿಟರ್ ಆನ್ ಇದ್ದರೆ ಗೇಮ್ ಸೆಕೆಂಡಿಗೆ ಸುಮಾರು 25 ಫ್ರೇಮಿಗೆ ನಿಲ್ಲುತ್ತದೆ. ಆಫ್ ಮಾಡಿದರೆ ಈಜುವುದು, ಗಾಡಿ ರಿವರ್ಸ್ ತೆಗೆಯುವುದು ಹದ ತಪ್ಪುತ್ತವೆ. ಮತ್ತೆ ಆನ್ ಮಾಡಿ. ನಿಮ್ಮ ಪಿಸಿಗೆ ಅದು ಅನುಕೂಲವೇ, 25 ತಲುಪಿದರೆ ಸಾಕು.

ಇನ್ನು ಗೆಳೆಯರ ಸಲಹೆಗಳು. ಸ್ವಿಫ್ಟ್‌ಶೇಡರ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಮಾಡುವ ಅಷ್ಟೂ ಕೆಲಸವನ್ನು ಪ್ರೊಸೆಸರಿನಿಂದ ಮಾಡಿಸುವ ತಂತ್ರ. ಗೇಮ್ "ಓಪನ್" ಆಗುತ್ತದೆ, ನಿಜ. ಆಡಲು ಆಗುವುದಿಲ್ಲ. ಒಂದು ಕಾಲದಲ್ಲಿ ಬ್ರೌಸಿಂಗ್ ಸೆಂಟರ್‌ಗಳಲ್ಲಿ ಹೆಸರು ಮಾಡಿದ್ದ 3ಡಿ ಅನಲೈಜ್ ಇನ್ನೊಂದು. ಪೆಂಟಿಯಂ 4 ಕಾಲದ 845ಜಿ ಬೋರ್ಡಿನವರಿಗೆ ಕೆಲವು ಗೇಮ್‌ಗಳಲ್ಲಿ ಅದರಿಂದ ಉಪಯೋಗವಿತ್ತು, ಕಾರ್ಡಿನಲ್ಲಿ ಇಲ್ಲದ್ದನ್ನು ಇದೆ ಅಂತ ಗೇಮಿಗೆ ನಂಬಿಸುತ್ತಿತ್ತು. ನಿಮ್ಮ ಬೋರ್ಡಿನ ಡ್ರೈವರ್ ಆ ಕೆಲಸವನ್ನು ತಾನೇ ಮಾಡುತ್ತದೆ. ಗೇಮ್ ಬೂಸ್ಟರ್ ಅನ್ನುವ ಸಾಫ್ಟ್‌ವೇರ್‌ಗಳ ಬಗ್ಗೆ ಮಾತಾಡುವುದೇ ದಂಡ.

ರ‍್ಯಾಮ್ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಅರ್ಧ ನಿಜ. 50 ಎಂಬಿ ಮಿತಿ ಅದರಿಂದ ಕರಗುವುದಿಲ್ಲ. ಆದರೆ ನಿಮ್ಮ ಬೋರ್ಡಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಮುಖ್ಯ ರ‍್ಯಾಮ್‌ನಿಂದಲೇ ಹಂಚಿಕೊಳ್ಳುತ್ತದೆ. ಈಗ ಒಂದೇ 1 ಜಿಬಿ ಸ್ಟಿಕ್ ಇದ್ದರೆ, ಅದೇ ಸ್ಪೀಡಿನ ಇನ್ನೊಂದು 1 ಜಿಬಿ ಡಿಡಿಆರ್2 ಸ್ಟಿಕ್ ಪಕ್ಕದ ಚಾನೆಲ್ಲಿಗೆ ಹಾಕಿ. ಎರಡೂ ಒಟ್ಟಿಗೆ ಕೆಲಸ ಮಾಡಿ ಗ್ರಾಫಿಕ್ಸ್‌ಗೆ ಸಿಗುವ ದಾರಿ ಅಗಲವಾಗುತ್ತದೆ. ಡಿಡಿಆರ್2 ಈಗ ಹಳೇ ಸಾಮಾನಿನ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ.

ವಿಂಡೋಸ್ 10 ಬೇಡವೇ ಬೇಡ. ಜಿಎಂಎ 3100ಗೆ ಇಂಟೆಲ್ ವಿಂಡೋಸ್ 10ರ ಡ್ರೈವರ್ ಕೊಟ್ಟಿಲ್ಲ. 1 ಜಿಬಿಯಲ್ಲಿ ವಿಂಡೋಸ್ ತಾನು ಎದ್ದು ನಿಲ್ಲುವುದರೊಳಗೆ ನಿಮ್ಮ ಸಂಜೆ ಮುಗಿದಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಂತೂ ನಿಮ್ಮ ಪ್ರೊಸೆಸರಿನಲ್ಲಿ ಬೂಟ್ ಕೂಡ ಆಗುವುದಿಲ್ಲ. ಅದು ಕೇಳುವ ಎಸ್‌ಎಸ್‌ಇ 4.2 ಸೂಚನೆಗಳು ಇ5300ರಲ್ಲಿ ಇಲ್ಲ.

ಹೊಸ ವಿಂಡೋಸ್‌ನಲ್ಲಿ ಹಳೇ ಗೇಮ್ ಜಾಸ್ತಿ ಚೆನ್ನಾಗಿ ಓಡುತ್ತದೆ ಅನ್ನುವ ನಂಬಿಕೆಗೆ ಇದೇ ಗೇಮಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಸ್ಕಿಮ್ಮರ್ ಎಂಬ ನೀರಿನ ಮೇಲೆ ಇಳಿಯುವ ವಿಮಾನ ಇದೆ. ವಿಂಡೋಸ್ 11 24ಎಚ್2 ಹಾಕಿದವರಿಗೆ ಆ ವಿಮಾನ ಕಾಣದಾಯಿತು. ಒತ್ತಾಯದಿಂದ ತರಿಸಿದರೆ ಆಟಗಾರ ಲೆಕ್ಕಕ್ಕೇ ಸಿಗದಷ್ಟು ಎತ್ತರಕ್ಕೆ ಹಾರಿಹೋಗುತ್ತಿದ್ದ. ಸೈಲೆಂಟ್‌ಪ್ಯಾಚ್ ಎಂಬ ಹೆಸರಾಂತ ರಿಪೇರಿ ಮಾಡ್ ಬರೆದವರು 2025ರಲ್ಲಿ ಇದರ ಬೇರು ಹುಡುಕಿದರು. ಗಾಡಿಗಳ ಪಟ್ಟಿಯ ಫೈಲಿನಲ್ಲಿ ಒಂದೊಂದು ಗಾಡಿಗೂ ಒಂದು ಸಾಲು, ಅದರಲ್ಲಿ ಚಕ್ರದ ಅಳತೆ ಇರುತ್ತದೆ. ಹಿಂದಿನ ವೈಸ್ ಸಿಟಿ ಗೇಮಿನಲ್ಲಿ ಸ್ಕಿಮ್ಮರನ್ನು ದೋಣಿ ಅಂತ ಬರೆದಿದ್ದರು, ದೋಣಿಗೆ ಚಕ್ರದ ಅಳತೆ ಬೇಡ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದನ್ನು ವಿಮಾನ ಮಾಡಿದರು, ಅಳತೆ ಸೇರಿಸಲು ಮರೆತರು. ಗೇಮ್ ಆ ಸಾಲನ್ನು ಓದುವಾಗ ಅಳತೆ ಸಿಗದೆ, ಮೆಮೊರಿಯಲ್ಲಿ ಹಿಂದಿನ ಗಾಡಿಯ ಅಳತೆ ಏನು ಉಳಿದಿತ್ತೋ ಅದನ್ನೇ ಎತ್ತಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಆ ಉಳಿಕೆ ಅದೃಷ್ಟದಿಂದ ಹಾಗೇ ಇತ್ತು. 24ಎಚ್2ರಲ್ಲಿ ವಿಂಡೋಸ್ ತನ್ನೊಳಗಿನ ಒಂದು ಕೆಲಸಕ್ಕೆ ಮೆಮೊರಿ ಬಳಸುವ ರೀತಿ ಸ್ವಲ್ಪ ಬದಲಾಯಿತು, ಆ ಜಾಗದಲ್ಲಿ ಕಸ ಕೂತಿತು. ತಪ್ಪು ಗೇಮಿನದು, ಮೈಕ್ರೋಸಾಫ್ಟ್‌ದಲ್ಲ. ಆದರೆ ಹಳೇ ಗೇಮ್‌ಗಳು ಇಂಥ ಉಳಿಕೆಗಳ ಮೇಲೆ ನಿಂತಿರುತ್ತವೆ. ಅವು ಹುಟ್ಟಿದ ವಿಂಡೋಸ್‌ನಲ್ಲೇ ಓಡಿಸಿದರೆ ನಿಮಗೆ ಎಷ್ಟೋ ತಲೆನೋವು ತಪ್ಪುತ್ತದೆ. ನಿಮ್ಮ ಎಕ್ಸ್‌ಪಿಗೆ ಬೆಲೆ ಇರುವುದು ಅಲ್ಲೇ.

ಇನ್ನು ನಿಮ್ಮ ಗೇಮ್ ಕಾಪಿಯ ವಿಷಯ, ಸ್ವಲ್ಪ ಮುಜುಗರದ್ದು. ರೇಡಿಯೋದಲ್ಲಿ ಹಾಡು ಬರುವುದಿಲ್ಲ ಅಂದಿರಲ್ಲ, ಅಂದರೆ ನಿಮ್ಮಲ್ಲಿರುವುದು "ರಿಪ್" ಕಾಪಿ. ಬ್ರೌಸಿಂಗ್ ಸೆಂಟರ್ ಕಾಲದಲ್ಲಿ ಡಿವಿಡಿ ಗೇಮನ್ನು ಒಂದು ಸಿಡಿಗೆ ತುರುಕಲು ಹಾಡು, ವಿಡಿಯೋ ಎಲ್ಲ ಕಿತ್ತು ಹಂಚುತ್ತಿದ್ದರು. ಈಗ "ಹೈಲಿ ಕಂಪ್ರೆಸ್ಡ್" ಅಂತ ಸಿಗುವುದೂ ಅದೇ ಜಾತಿ. ಕಾನೂನಿನ ಮಾತು ಹಾಗಿರಲಿ, ಕೆಲಸದ ಮಾತೇ ಹೇಳುತ್ತೇನೆ. ಯಾವ ಫೈಲ್ ಕಿತ್ತಿದ್ದಾರೆ, ಯಾವುದನ್ನು ಬದಲಾಯಿಸಿದ್ದಾರೆ ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಮಾಡ್ ಹಾಕಿ ಕ್ರ್ಯಾಶ್ ಆದರೆ ಕಾರಣ ಹುಡುಕುವುದು ಅಸಾಧ್ಯ. ಒಂದು ಅಸಲಿ ಡಿವಿಡಿ ಸೆಕೆಂಡ್ ಹ್ಯಾಂಡ್ ಆದರೂ ಹುಡುಕಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು ಈ ಪಿಸಿಯಲ್ಲಿ ಆಡುತ್ತೇನೆ ಅಂದರೆ ಆಗುವುದಿಲ್ಲ. 2019ರ ಜನವರಿ 1ರಿಂದ ಸ್ಟೀಮ್ ಎಕ್ಸ್‌ಪಿಯನ್ನು ಬಿಟ್ಟಿದೆ.

ಡಿವಿಡಿಯಲ್ಲೂ ಒಂದು ತೊಡಕಿದೆ. ಗೇಮಿನೊಳಗೆ ಕಂಪನಿ ಮುಚ್ಚಿಟ್ಟು ಬಿಟ್ಟಿದ್ದ ಒಂದು ಅಶ್ಲೀಲ ಭಾಗವನ್ನು 2005ರಲ್ಲಿ ಹಾಟ್ ಕಾಫಿ ಎಂಬ ಮಾಡ್ ತೆರೆದು ತೋರಿಸಿತು. ಅಮೆರಿಕದಲ್ಲಿ ದೊಡ್ಡ ರಂಪವಾಯಿತು, ಗೇಮಿನ ರೇಟಿಂಗ್ ವಯಸ್ಕರಿಗೆ ಮಾತ್ರ ಅನ್ನುವಲ್ಲಿಗೆ ಏರಿತು. ಕಂಪನಿ ಆ ಭಾಗ ಕಿತ್ತು, ಮಾಡ್‌ಗಳಿಗೂ ಬಾಗಿಲು ಹಾಕಿ ಹೊಸ ಆವೃತ್ತಿ ತಂದಿತು. ಅದಕ್ಕೇ ಇವತ್ತಿಗೂ ಹೆಚ್ಚಿನ ಮಾಡ್‌ಗಳು 1.0 ಆವೃತ್ತಿಯನ್ನೇ ಕೇಳುತ್ತವೆ. ನಿಮಗೆ ಸಿಕ್ಕಿದ್ದು ಆಮೇಲಿನದಾದರೆ, ಅಸಲಿ ಕಾಪಿಯನ್ನು 1.0ಕ್ಕೆ ಇಳಿಸುವ ಡೌನ್‌ಗ್ರೇಡರ್‌ಗಳನ್ನು ಅಭಿಮಾನಿಗಳು ಮಾಡಿಟ್ಟಿದ್ದಾರೆ. ಇದಕ್ಕೆ ಕಂಪನಿಯ ಬೆಂಬಲವಿಲ್ಲ, ಕೈಗೆ ಸಿಕ್ಕ ಜಾಗದಿಂದ ತಂದರೆ ಜೊತೆಗೆ ವೈರಸ್ಸೂ ಬರಬಹುದು. ತಂದ ಫೈಲನ್ನು ಹೊಸ ವಿಂಡೋಸ್ ಇರುವ ಪಿಸಿಯಲ್ಲಿ ಸ್ಕ್ಯಾನ್ ಮಾಡಿಯೇ ಇಲ್ಲಿ ಹಾಕಿ.

ಈಗ ಹೇಗೆ ಶುರುಮಾಡುವುದು? ಗೇಮನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ. ಒಮ್ಮೆ ಆಡಿ ನೋಡಿ, ಸರಿಯಿದ್ದರೆ ಇಡೀ ಫೋಲ್ಡರನ್ನು ಇನ್ನೊಂದು ಹೆಸರಿನಲ್ಲಿ ಕಾಪಿ ಮಾಡಿಡಿ. ಮಾಡ್ ಎಲ್ಲ ಕಾಪಿಗೆ, ಮೂಲ ಫೋಲ್ಡರನ್ನು ಮುಟ್ಟಬೇಡಿ. ಮೈ ಡಾಕ್ಯುಮೆಂಟ್ಸ್‌ನಲ್ಲಿ ಗೇಮಿನ ಯೂಸರ್ ಫೈಲ್ಸ್ ಫೋಲ್ಡರ್ ಇರುತ್ತದೆ, ನಿಮ್ಮ ಸೇವ್‌ಗಳು ಅಲ್ಲಿವೆ, ಅದನ್ನೂ ಕಾಪಿ ಮಾಡಿ. ಅದರಲ್ಲೇ ಹೆಸರಿನ ಕೊನೆಗೆ ಸೆಟ್ ಅಂತ ಇರುವ ಒಂದು ಸಣ್ಣ ಫೈಲ್ ಇದೆ. ಗೇಮ್ ಓಪನ್ ಆದ ಕೂಡಲೇ ಮುಚ್ಚಿಕೊಂಡರೆ ಆ ಫೈಲ್ ಅಳಿಸಿ, ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಅಲಂಕಾರಕ್ಕೆ ಮೊದಲು ರಿಪೇರಿ ಮಾಡ್‌ಗಳನ್ನು ಹಾಕಿ. ಸೈಲೆಂಟ್‌ಪ್ಯಾಚ್ ಅಂಥದ್ದು, ಭಾರವಿಲ್ಲ. ಆಮೇಲೆ ಮಾಡ್ ಲೋಡರ್. ಹಿಂದೆಲ್ಲ ಜಿಟಿಎ3 ಎಂಬ ದೊಡ್ಡ ಇಮೇಜ್ ಫೈಲನ್ನು ಬಿಚ್ಚಿ ಅದರೊಳಗಿನ ಕಾರನ್ನು ಕಿತ್ತು ಬೇರೆಯದನ್ನು ಇಡಬೇಕಿತ್ತು. ಒಂದು ತಪ್ಪಿದರೆ ಇಡೀ ಗೇಮ್ ಹೋಯಿತು. ಮಾಡ್ ಲೋಡರ್ ಇದ್ದರೆ ಒಂದೊಂದು ಮಾಡ್‌ಗೂ ಒಂದು ಫೋಲ್ಡರ್, ಮೂಲ ಫೈಲ್ ಹಾಗೇ ಇರುತ್ತದೆ. ಬೇಡವೆಂದರೆ ಫೋಲ್ಡರ್ ತೆಗೆಯಿರಿ. ಒಂದು ಸಲಕ್ಕೆ ಒಂದೇ ಮಾಡ್ ಹಾಕಿ, ಸ್ವಲ್ಪ ಹೊತ್ತು ಆಡಿ, ಆಮೇಲೆ ಮುಂದಿನದು. ಈಗಾಗಲೇ ಹತ್ತು ಹಾಕಿ ಕ್ರ್ಯಾಶ್ ಆಗುತ್ತಿದ್ದರೆ ಐದನ್ನು ತೆಗೆದು ನೋಡಿ. ಉಳಿದ ಐದರಲ್ಲಿ ತೊಂದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಮತ್ತೆ ಅರ್ಧ ಮಾಡಿ. ಕತೆಯನ್ನೇ ಬದಲಾಯಿಸುವ ಮಾಡ್‌ಗಳು ಹಳೇ ಸೇವ್ ಜೊತೆ ಹೊಂದುವುದಿಲ್ಲ, ಹೊಸದಾಗಿ ಶುರುಮಾಡಬೇಕು.

ಬುಲೆಟ್ ಬೇಕೇ ಬೇಕು ಅಂದರೆ ಅದರ ಫೈಲ್ ಸೈಜ್ ನೋಡಿ ಆರಿಸಿ. ಟಿಎಕ್ಸ್‌ಡಿ, ಡಿಎಫ್ಎಫ್ ಎಂಬ ಎರಡು ಫೈಲ್ ಇರುತ್ತವೆ, ಮೊದಲನೆಯದು ಚಿತ್ರ, ಎರಡನೆಯದು ಆಕಾರ. ಎರಡೂ ಸೇರಿ ಒಂದೆರಡು ಎಂಬಿ ಒಳಗಿದ್ದರೆ ನಿಮ್ಮ ಪಿಸಿ ತಡೆದುಕೊಳ್ಳುತ್ತದೆ. ಹತ್ತು ಎಂಬಿ ದಾಟಿದ್ದನ್ನು ಮುಟ್ಟಬೇಡಿ. 2005ರಿಂದ 2009ರ ಸುಮಾರಿಗೆ ಮಾಡಿದ ಮಾಡ್‌ಗಳು ನೋಡಲು ಸಾಧಾರಣ, ಆದರೆ ನಿಮ್ಮ ಪಿಸಿಗೆ ಹೇಳಿ ಮಾಡಿಸಿದವು. 50 ಎಂಬಿ ಮಿತಿಯನ್ನು ಏರಿಸುವ ಲಿಮಿಟ್ ಅಡ್ಜಸ್ಟರ್‌ಗಳೂ ಇವೆ. ಯೂಟ್ಯೂಬಿನವರು ಅದನ್ನು 1024ಕ್ಕೆ ಇಡಿ ಅನ್ನುತ್ತಾರೆ. ನಿಮ್ಮ ಪಿಸಿಯಲ್ಲಿ ಇರುವುದೇ 1024. 128ಕ್ಕೆ ಇಡಿ, ರ‍್ಯಾಮ್ 2 ಜಿಬಿ ಆದ ಮೇಲೆ 256.

ಮಾಡ್ ಹಾಕುವಾಗ ಎಕ್ಸ್‌ಪಿಯಲ್ಲಿ ಎರಡು ದೂರು ಪದೇ ಪದೇ ಬರುತ್ತವೆ. "ವ್ಯಾಲಿಡ್ ವಿನ್32 ಅಪ್ಲಿಕೇಶನ್ ಅಲ್ಲ" ಅಂತ ಬಂದರೆ ಫೈಲ್ ಕೆಟ್ಟಿದೆ ಅಂತಲೇ ಅಲ್ಲ. ಸಾಮಾನ್ಯವಾಗಿ ಆ ಮಾಡನ್ನು ವಿಸ್ತಾ ಮತ್ತು ಅದರ ನಂತರದ ವಿಂಡೋಸ್‌ಗೆ ಮಾತ್ರ ಕಟ್ಟಿರುತ್ತಾರೆ. ಹಳೇ ಆವೃತ್ತಿ ಹುಡುಕಿ. ಡಿ3ಡಿಎಕ್ಸ್9 ಅಂತ ಶುರುವಾಗುವ ಡಿಎಲ್ಎಲ್ ಇಲ್ಲ ಅಂತ ಬಂದರೆ ಆ ಒಂದು ಫೈಲನ್ನು ಎಲ್ಲಿಂದಲೋ ಇಳಿಸಬೇಡಿ. ವೈರಸ್ ಹಂಚುವವರಿಗೆ ಅದು ಇಷ್ಟದ ದಾರಿ. ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಪ್ಯಾಕೇಜ್ ಹಾಕಿದರೆ ಎಲ್ಲ ಬರುತ್ತವೆ.

ಗೇಮಿನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ 800 ಗುಣಿಸು 600, ಆಂಟಿ ಏಲಿಯಾಸಿಂಗ್ ಆಫ್, ವಿಶುವಲ್ ಎಫೆಕ್ಟ್ ಮೀಡಿಯಂ. ಡ್ರಾ ಡಿಸ್ಟೆನ್ಸ್ (ಎಷ್ಟು ದೂರದವರೆಗೆ ಕಾಣಬೇಕು ಅನ್ನುವುದು) ನಡುವಿನಲ್ಲಿ ಇಡಿ, ಪೂರ್ತಿ ಕಮ್ಮಿ ಮಾಡಿದರೆ ಮನೆಗಳು ಮುಖದೆದುರಿಗೆ ಧುತ್ತೆಂದು ಬರುತ್ತವೆ.

ಇಷ್ಟಾದ ಮೇಲೂ ಇನ್ನೂ ಬೇಕು ಅನ್ನಿಸಿದರೆ ದುಡ್ಡಿನ ಮಾತು. ಬೆಲೆ ಏರಿಳಿಯುತ್ತಿರುತ್ತದೆ, ಹಾಗಾಗಿ ಅಂಕಿ ಬರೆಯುವುದಿಲ್ಲ. ಯಾವುದಕ್ಕೆ ಮೊದಲು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಎಸ್‌ಎಂಪಿಎಸ್ ಮೊದಲು, ಎರಡನೇ ರ‍್ಯಾಮ್ ಸ್ಟಿಕ್ ಆಮೇಲೆ. ಮೂರನೆಯದು ಸಣ್ಣ ಗ್ರಾಫಿಕ್ಸ್ ಕಾರ್ಡ್. ಜಿ31 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ 16 ಸ್ಲಾಟ್ ಇರುತ್ತದೆ, ಬಾಗಿಲು ತೆಗೆದಾಗ ಅದನ್ನೂ ನೋಡಿಕೊಳ್ಳಿ. ಜಿಫೋರ್ಸ್ 210, ಜಿಟಿ 710 ಇಂಥವಕ್ಕೆ ಎಕ್ಸ್‌ಪಿ ಡ್ರೈವರ್ ಇದೆ, ಬೇರೆ ಕರೆಂಟು ವೈರ್ ಬೇಡ, ಸ್ಲಾಟ್‌ನಿಂದಲೇ ಸಾಕಾಗುತ್ತದೆ. ಇವತ್ತಿನ ಲೆಕ್ಕದಲ್ಲಿ ಬಡಕಲು ಕಾರ್ಡುಗಳೇ, ಆದರೆ 2005ರ ಗೇಮಿಗೆ ಧಾರಾಳ. ತ್ರಿಕೋನದ ಲೆಕ್ಕ ಪ್ರೊಸೆಸರಿನ ಹೆಗಲಿನಿಂದ ಇಳಿಯುತ್ತದೆ. ಹಗುರವಾದ ಇಎನ್‌ಬಿಯನ್ನೂ ಆಗ ಪ್ರಯತ್ನಿಸಬಹುದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರಿದ್ದರೆ ಅಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಅಂಗಡಿಯಲ್ಲೇ ಹಾಕಿಸಿ, ಜಿಪಿಯು-ಜೆಡ್ ಎಂಬ ಪುಟ್ಟ ಸಾಫ್ಟ್‌ವೇರ್ ಓಡಿಸಿ ನೋಡಿ. ಹಳೇ ಕಾರ್ಡಿಗೆ ದೊಡ್ಡ ಹೆಸರಿನ ನಕಲಿ ಬಯಾಸ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ತುಂಬಿ ಮಾರುವವರಿದ್ದಾರೆ, ಅದು ಹಿಡಿದುಕೊಡುತ್ತದೆ.

ಕೊನೆಗೆ ಡಿಸ್ಕ್. ಅಷ್ಟು ವರ್ಷ ಓಡಿದ ಹಾರ್ಡ್ ಡಿಸ್ಕ್ ಇವತ್ತೋ ನಾಳೆಯೋ ಹೋಗುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋದ ಹಳೇ ಆವೃತ್ತಿ ಹಾಕಿ, ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟುಹೋದ ಜಾಗಗಳ ಲೆಕ್ಕ) ಸೊನ್ನೆಗಿಂತ ಜಾಸ್ತಿ ಇದ್ದು ಏರುತ್ತಾ ಹೋಗುತ್ತಿದ್ದರೆ ತಡಮಾಡಬೇಡಿ. ಎಸ್‌ಎಸ್‌ಡಿ ಹಾಕಬಹುದು, ನಿಮ್ಮ ಬೋರ್ಡಿನಲ್ಲಿ ಎಕ್ಸ್‌ಪಿ ಅದನ್ನು ತಕರಾರಿಲ್ಲದೆ ಗುರುತಿಸುತ್ತದೆ. 120 ಜಿಬಿಯದು ತರಬೇಡಿ. 160 ಜಿಬಿ ಡಿಸ್ಕನ್ನು ಚಿಕ್ಕದಕ್ಕೆ ಕ್ಲೋನ್ (ಹಾಗೇ ನಕಲು) ಮಾಡಲು ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್ ಸುಲಭವಾಗಿ ಒಪ್ಪುವುದಿಲ್ಲ, 240 ಜಿಬಿ ತನ್ನಿ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಎಕ್ಸ್‌ಪಿ ಹಾಕುವ ಸಾಹಸ ಬೇಡ. ಈಗ ಕೂತಿರುವ ಡ್ರೈವರ್‌ಗಳನ್ನು ಮತ್ತೆ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಈ ಪಿಸಿಗೆ ಇಂಟರ್ನೆಟ್ ಕೊಡಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. 2017ರ ಮೇನಲ್ಲಿ ವಾನಾಕ್ರೈ ಎಂಬ ವೈರಸ್ ಹರಡಿದಾಗ ಮಾತ್ರ ನಿಯಮ ಮುರಿದು ಎಕ್ಸ್‌ಪಿಗೂ ಒಂದು ಪ್ಯಾಚ್ ಕೊಟ್ಟರು, ಪರಿಸ್ಥಿತಿ ಅಷ್ಟು ಕೆಟ್ಟಿತ್ತು. ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ, ಅದನ್ನು ಚುಚ್ಚಿದ ಕೂಡಲೇ ತಾನಾಗಿ ಓಡುವ ಆಟೋರನ್ ಆಫ್ ಮಾಡಿ. ನ್ಯೂ ಫೋಲ್ಡರ್ ವೈರಸ್ಸನ್ನು ಬ್ರೌಸಿಂಗ್ ಸೆಂಟರ್ ನಡೆಸಿದ ನಿಮ್ಮ ಮಾವನವರಿಗೆ ನಾನು ಪರಿಚಯಿಸಬೇಕಿಲ್ಲ.

ಅಣ್ಣನ ಮಗನ ವಿಷಯಕ್ಕೆ ಬಂದರೆ, ಒಂಬತ್ತು ವರ್ಷದ ಹುಡುಗನಿಗೆ ಸ್ಯಾನ್ ಆಂಡ್ರಿಯಾಸ್ ಬೇಡ. ಅಮೆರಿಕದ ರೇಟಿಂಗ್‌ನಲ್ಲಿ ಆ ಅಶ್ಲೀಲ ಭಾಗ ಕಿತ್ತ ಆವೃತ್ತಿಯೂ 17 ತುಂಬಿದವರ ಗೇಮ್. ನಾವೆಲ್ಲ ಚಿಕ್ಕವರಿದ್ದಾಗ ಆಡಲಿಲ್ಲವೇ ಅನ್ನಬಹುದು, ಆಗ ನೋಡುವವರು ಯಾರೂ ಇರಲಿಲ್ಲ, ಅಷ್ಟೇ. ಗಾಡಿ ಓಡಿಸುವ ಆಸೆಗೆ 2004ರ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2 ಇದೆ. ನಿಮ್ಮ ಬೋರ್ಡಿನ ಗ್ರಾಫಿಕ್ಸ್‌ನಲ್ಲೇ ಎಫೆಕ್ಟ್ ಕಮ್ಮಿ ಮಾಡಿದರೆ ಓಡುತ್ತದೆ. ನೀವು ಪಕ್ಕದಲ್ಲಿ ಕೂತು ಆಡಿಸುವುದಾದರೆ 1999ರ ಏಜ್ ಆಫ್ ಎಂಪೈರ್ಸ್ 2. ವಿಂಡೋಸ್ 7ರಲ್ಲಿ ಆ ಹಳೇ ಆವೃತ್ತಿಯ ನೀರು, ಹುಲ್ಲು ಎಲ್ಲ ಕೆಂಪು ನೇರಳೆಯಾಗಿ ಜನ ಒದ್ದಾಡುತ್ತಿದ್ದರು. 256 ಬಣ್ಣದ ಪಟ್ಟಿಗಾಗಿ ವಿಂಡೋಸ್ ಮತ್ತು ಗೇಮ್ ಕಿತ್ತಾಡುತ್ತಿದ್ದವು. ಎಕ್ಸ್‌ಪಿಯಲ್ಲಿ ಆ ರಗಳೆ ಇಲ್ಲ. ಡೇವ್, ಪ್ರಿನ್ಸ್ ಆಫ್ ಪರ್ಷಿಯಾದಂಥ ಡಾಸ್ ಕಾಲದ ಗೇಮ್ ತೋರಿಸಬೇಕೆಂದರೆ ನೇರವಾಗಿ ಓಡಿಸದೆ, ಹಳೇ ಡಾಸ್ ಪಿಸಿಯಂತೆ ನಟಿಸುವ ಡಾಸ್‌ಬಾಕ್ಸ್ ಹಾಕಿ. ಆ ಕಾಲದ ಕೆಲವು ಗೇಮ್‌ಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು, 2.6 ಗಿಗಾಹರ್ಟ್ಸ್‌ನಲ್ಲಿ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತವೆ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಹುಡುಗನಿಗೆ ಆ ಎರಡು ಕೀ ತೋರಿಸಿಬಿಡಿ, ಹದ ಅವನೇ ಕಂಡುಕೊಳ್ಳುತ್ತಾನೆ.